ತಂತ್ರಾಂಶದ ಉಗ್ರಾಣ

ಈ ಸಂಚಿಕೆಗೆಂದು ಪುಣೆಯಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬರು ಗಣಕಯಂತ್ರದಲ್ಲಿ ಬೆರಳಚ್ಚು ಮಾಡಿ ಕಳುಹಿಸಿದ ಬರಹವನ್ನು ಇಲ್ಲಿ ತೆರೆದಾಗ ಕನ್ನಡದ ಒಂದಕ್ಷರವೂ ಕಾಣಲಿಲ್ಲ. ಇಂಗ್ಲಿಷಿನ ಬಿಡಿ ಅಕ್ಷರಗಳೂ ಅರ್ಥವಿಲ್ಲದ ಚಿಹ್ನೆಗಳೂ ಸಾಲುಗಟ್ಟಿ ನಿಂತಿದ್ದವು. ಬರೆದವರ ತಪ್ಪಲ್ಲ, ಯಂತ್ರದ ದೋಷವೂ ಅಲ್ಲ. ಅವರು ಬಳಸಿದ ಹಳೆಯ ‘ನುಡಿ’ ಅಕ್ಷರವಿನ್ಯಾಸವು ಇಲ್ಲಿಯ ಯಂತ್ರದಲ್ಲಿರಲಿಲ್ಲ. ಈ ಪಾಠಕ್ಕೆ ಇದೇ ಪೀಠಿಕೆ.

ಗಣಕಯಂತ್ರದ ಪ್ರತಿಯೊಂದು ಕೆಲಸಕ್ಕೂ ಅದಕ್ಕೆ ತಕ್ಕ ತಂತ್ರಾಂಶ ಬೇಕು. ಹಲವು ವಿಭಾಗಗಳುಳ್ಳ ಸಂಸ್ಥೆಯಲ್ಲಿ ತಂತ್ರಾಂಶದ ಆಯ್ಕೆಯನ್ನು ಆಯಾ ವಿಭಾಗಕ್ಕೇ ಬಿಟ್ಟರೆ ಒಬ್ಬರ ಬರಹ ಇನ್ನೊಬ್ಬರಿಗೆ ಓದಲು ಬಾರದಂತಾಗುತ್ತದೆ. ಆದ್ದರಿಂದ ಬಲ್ಲವರು ದಾಸೋಹದ ಉಗ್ರಾಣದಂತೆ ಒಂದು ಕೇಂದ್ರ ಭಂಡಾರವನ್ನು ಇರಿಸುತ್ತಾರೆ. ಎಲ್ಲರಿಗೂ ಬೇಕಾದವುಗಳದು ಒಂದು ಪಟ್ಟಿ. ಲೆಕ್ಕಪತ್ರ, ಗ್ರಂಥಾಲಯ, ಪ್ರಯೋಗಾಲಯಗಳಿಗೆ ವಿಶೇಷ ಪಟ್ಟಿಗಳು. ಹೊಸ ಆವೃತ್ತಿಯನ್ನು ಮೊದಲು ಕೆಲವೇ ಯಂತ್ರಗಳಲ್ಲಿ ಪರೀಕ್ಷಿಸಿ, ಬಳಿಕ ಎಲ್ಲೆಡೆಗೆ ಬಿಡುತ್ತಾರೆ. ಒಂದು ತಂತ್ರಾಂಶ ನಡೆಯಲು ಮತ್ತೊಂದರ ಆಸರೆ ಬೇಕಿದ್ದರೆ ಅದನ್ನೂ ಜೊತೆಗೇ ಒದಗಿಸುತ್ತಾರೆ. ಒಗ್ಗರಣೆಗೆ ಸಾಸಿವೆ ಕೇಳಿದವನಿಗೆ ಎಣ್ಣೆಯನ್ನೂ ಕೊಟ್ಟಂತೆ.

ಇದಕ್ಕೆ ಉತ್ತಮ ನಿದರ್ಶನ ಕಾಸರಗೋಡಿನ ಕನ್ನಡ ಶಾಲೆಗಳಲ್ಲಿದೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನಮ್ಮಂತೆ ಅವರೂ ಕನ್ನಡ ರಾಜ್ಯದ ಹೊರಗೆ ಉಳಿದವರು. ಕೇರಳ ಸರ್ಕಾರವು 2001ರಲ್ಲಿ ಆರಂಭಿಸಿದ ‘ಐಟಿ ಅಟ್ ಸ್ಕೂಲ್’ ಯೋಜನೆಯು 2017ರಲ್ಲಿ ‘ಕೈಟ್’ ಎಂಬ ಸಂಸ್ಥೆಯಾಯಿತು. ಮುಕ್ತ ತಂತ್ರಾಂಶವಾದ ಲಿನಕ್ಸ್‌ನ ಮೇಲೆ ಪಾಠೋಪಯೋಗಿ ತಂತ್ರಾಂಶಗಳನ್ನು ಜೋಡಿಸಿ, ಆ ಒಂದೇ ಕಟ್ಟನ್ನು ಅದು ರಾಜ್ಯದ ಶಾಲೆಗಳಿಗೆ ಒದಗಿಸುತ್ತದೆ. ಯಂತ್ರಕ್ಕಿಷ್ಟು ಎಂದು ಪರವಾನಗಿ ಶುಲ್ಕ ತೆರಬೇಕಿಲ್ಲ. ಮಲಯಾಳಂ ಮಾಧ್ಯಮದ ಮಗುವಿಗೆ ರೇಖಾಗಣಿತ ಕಲಿಸುವ ‘ಜಿಯೋಜೀಬ್ರಾ’ ಕನ್ನಡ ಮಾಧ್ಯಮದ ಮಗುವಿಗೂ ದೊರೆಯುತ್ತದೆ. ಐಟಿ ಪಠ್ಯಪುಸ್ತಕವೂ ಕನ್ನಡದಲ್ಲಿ ಬರುತ್ತದೆ.

1991ರಲ್ಲಿ ಪ್ರಕಟವಾದ ಯೂನಿಕೋಡ್ ಸಂಕೇತವ್ಯವಸ್ಥೆಯ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ಅದರಲ್ಲಿ ಬರೆದುದನ್ನು ಎಲ್ಲಿಯೂ ಓದಬಹುದು. ಆದರೂ ಅಕ್ಷರವಿನ್ಯಾಸ, ಕೀಲಿಮಣೆಯ ಜೋಡಣೆಗಳು ಪ್ರತಿ ಯಂತ್ರದಲ್ಲಿಯೂ ಇರಬೇಕು. ಪಟ್ಟಿಯಲ್ಲಿಲ್ಲದ ವಸ್ತು ಉಗ್ರಾಣದಿಂದ ಹೊರಬರುವುದಿಲ್ಲ. ಪಟ್ಟಿ ಬರೆಯುವಾಗ ಮೊದಲು ಮರೆತುಹೋಗುವುದು ಸಂಖ್ಯೆಯಲ್ಲಿ ಚಿಕ್ಕದಾದ ವಿಭಾಗವೇ. ಪುಣೆಯ ಬಾಲಭಾರತಿಯ ಪಠ್ಯಪುಸ್ತಕಗಳ ಪಟ್ಟಿಯಲ್ಲಿ ಕನ್ನಡವಿದೆ. ಅದರಂತೆಯೇ ಶಾಲೆಯ ತಂತ್ರಾಂಶಗಳ ಪಟ್ಟಿಯಲ್ಲಿಯೂ ಕನ್ನಡವಿರಬೇಕು.

ಗಣಕ ಕ್ಷೇತ್ರದಲ್ಲಿ ದುಡಿಯುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಶಾಲೆಗೆ ಯಂತ್ರವನ್ನು ದಾನವಾಗಿ ಕೊಡುವಾಗ ಅದರೊಂದಿಗೆ ಈ ಪಟ್ಟಿಯನ್ನೂ ಬರೆದುಕೊಡಿರಿ. ಪುಣೆಯ ಆ ಬರಹವು ಯೂನಿಕೋಡಿಗೆ ಪರಿವರ್ತನೆಗೊಂಡು ಮರಳಿ ಬಂದಿತು. ಇದೇ ಸಂಚಿಕೆಯಲ್ಲಿ ತಾವು ಅದನ್ನು ಓದಬಹುದು.