ಗಿಡ್ಡ ತಾಯಿ, ದೊಡ್ಡ ಹೋರಿ: ಕರುವಿನ ತೂಕ ಯಾರ ಕೈಲಿದೆ?

ಪ್ರತಿ ನವೆಂಬರಿನಲ್ಲಿ ಟೊರಾಂಟೊದ ಎಕ್ಸಿಬಿಷನ್ ಪ್ಲೇಸ್‌ನಲ್ಲಿ ನಡೆಯೋ ರಾಯಲ್ ವಿಂಟರ್ ಫೇರ್‌ಗೆ ಹೋದವರು ಹೋಲ್‌ಸ್ಟೀನ್ ಹಸುವನ್ನ ನೋಡೇ ಇರ್ತೀರಿ. ತೂಕ ಸುಮಾರು 650 ಕಿಲೋ. ಆಗಷ್ಟೇ ಹುಟ್ಟಿದ ಕರುವೇ 40 ಕಿಲೋ ಆಸುಪಾಸು. ನಮ್ಮ ಮಲೆನಾಡು ಗಿಡ್ಡ ಪೂರ್ತಿ ಬೆಳೆದರೂ 100 ಕಿಲೋ ಸುತ್ತಮುತ್ತ, ಎತ್ತರ ನಮ್ಮ ಸೊಂಟದಷ್ಟು. ಅದರ ಕರು 8-9 ಕಿಲೋ. ಲೆಕ್ಕ ಹಾಕಿ ನೋಡಿ: ಹೋಲ್‌ಸ್ಟೀನ್ ಕರು ತಾಯಿಯ ತೂಕದ ಶೇ. 6ರಷ್ಟು, ಗಿಡ್ಡದ್ದು ಶೇ. 8-9ರಷ್ಟು. ತಳಿ ಚಿಕ್ಕದಾದರೆ ಕರುವೂ ಚಿಕ್ಕದಾಗುತ್ತೆ, ಆದರೆ ಅದೇ ಪ್ರಮಾಣದಲ್ಲಿ ಅಲ್ಲ. ಚಿಕ್ಕ ತಾಯಿ ಮೊದಲೇ ಹೆಚ್ಚು ಹೊರೆ ಹೊತ್ತಿರ್ತಾಳೆ.

ತಂದೆ ಬೇರೆ ತಳಿಯಾದರೆ? ಕೇಂಬ್ರಿಜ್‌ನ ವಾಲ್ಟನ್ ಮತ್ತು ಹ್ಯಾಮಂಡ್ 1938ರಲ್ಲಿ ಪ್ರಕಟಿಸಿದ ಪ್ರಯೋಗ ಕುದುರೆಗಳದ್ದು. ದೈತ್ಯ ಶೈರ್, ಪುಟಾಣಿ ಶೆಟ್ಲೆಂಡ್ ಎರಡನ್ನೂ ಅದಲುಬದಲಾಗಿ ಕೃತಕ ಗರ್ಭಧಾರಣೆಯಿಂದ ಬೆರೆಸಿದರು. ಎಲ್ಲ ಮರಿಗಳೂ ಅರ್ಧ ಶೈರ್, ಅರ್ಧ ಶೆಟ್ಲೆಂಡ್. ಆದರೂ ಶೈರ್ ತಾಯಿಯ ಮರಿ ಸುಮಾರು ಮೂರು ಪಟ್ಟು ತೂಕ! ಚಿಕ್ಕ ತಾಯಿ ಮರಿಯ ಬೆಳವಣಿಗೆಯನ್ನ ಗರ್ಭದಲ್ಲೇ ತಡೆಹಿಡಿದಿದ್ದಳು.

ಇದನ್ನ ಓದಿ 'ತಾಯಿ ನೋಡ್ಕೋತಾಳೆ ಬಿಡಿ' ಅಂದುಬಿಡಬೇಡಿ. ಮುಂದೆ ಜೂಬೆರ್ ಮತ್ತು ಹ್ಯಾಮಂಡ್ ದೊಡ್ಡ ಸೌತ್ ಡೆವನ್, ಚಿಕ್ಕ ಡೆಕ್ಸ್‌ಟರ್ ದನಗಳಲ್ಲಿ ಇದನ್ನೇ ಮಾಡಿ ನೋಡಿದರು. ಅಲ್ಲೂ ತಾಯಿಯ ಹಿಡಿತ ಇತ್ತು, ಆದರೆ ಕುದುರೆಯಷ್ಟು ಬಿಗಿಯಾಗಿರಲಿಲ್ಲ. ದನದಲ್ಲಿ ತಂದೆಯ ಪಾಲೂ ಎದ್ದು ಕಾಣುತ್ತೆ.

ಹಾಲು ಜಾಸ್ತಿ ಬರಲಿ ಅಂತ ಗಿಡ್ಡ ಹಸುವಿಗೆ ಹೋಲ್‌ಸ್ಟೀನ್ (ಊರಲ್ಲಿ ಎಚ್.ಎಫ್. ಅಂತೀವಲ್ಲ, ಅದೇ) ಇಂಜೆಕ್ಷನ್ ಕೊಡಿಸಿದರು ಅನ್ನಿ. ಎರಡೂ ತಳಿಯ ಕರುಗಳ ಸರಾಸರಿ 24-25 ಕಿಲೋ. ತಾಯಿ ಅದನ್ನ ಒಂದಿಷ್ಟು ಇಳಿಸಿದರೂ ಅವಳ ಸೊಂಟದ ಮೂಳೆಯ ದಾರಿ ಅಷ್ಟಕ್ಕೆ ಸಾಲಬೇಕಲ್ಲ? ಮೊದಲ ಸೂಲಿನ ಮಣಕವಾದರೆ ಇನ್ನೂ ಕಷ್ಟ. ಕರುವನ್ನ ಎಳೆದು ತೆಗೀಬೇಕು. ಡಾಕ್ಟರ್ ದೂರ, ಮಳೆಗಾಲ ಬೇರೆ. ಹಸುವೇ ಹೋದರೆ ಆ ಮನೆಯ ಕೊಟ್ಟಿಗೆಯೇ ಖಾಲಿ. ಚಿಕ್ಕ ಹಸುಗಳಿಗೆ ಜೆರ್ಸಿ ಕೊಡಿಸಿ ಅನ್ನೋದು ಇದಕ್ಕೇ. ಆದರೆ ಜೆರ್ಸಿ ಕರುವೂ ಸುಮಾರು 25 ಕಿಲೋ, ಗಿಡ್ಡದ ಪಾಲಿಗೆ ಅದೇನೂ ಸಣ್ಣದಲ್ಲ. ನನ್ನ ಕೇಳಿದರೆ, ಮೊದಲ ಸೂಲಿಗೆ ಗಿಡ್ಡ ಹೋರಿಯೇ ಸರಿ.

ಇಲ್ಲಿ ಕೆನಡಾದಲ್ಲಿ ಲ್ಯಾಕ್ಟಾನೆಟ್ ಸಂಸ್ಥೆ ಹೋರಿಗಳಿಗೆ ಕರು ಹಾಕಿಸೋ ಗುಣಕ್ಕೂ ಒಂದು ಅಂಕ ಕೊಡುತ್ತೆ. 100 ಅಂದರೆ ಸರಾಸರಿ, ಹೆಚ್ಚಿದ್ದಷ್ಟೂ ಒಳ್ಳೇದು. ಆದರೆ ಆ ಅಂಕ ಹೋಲ್‌ಸ್ಟೀನ್ ಹೋರಿಯನ್ನ ಬೇರೆ ಹೋಲ್‌ಸ್ಟೀನ್ ಹೋರಿಗಳ ಪಕ್ಕದಲ್ಲಿಟ್ಟು ಅಳೆದದ್ದು. ಪಟ್ಟಿಯಲ್ಲಿ 110 ಇರೋ ಹೋರಿ ಒಂಟಾರಿಯೊದ 650 ಕಿಲೋ ಹಸುವಿಗೆ ಸಲೀಸು. ಸಾಗರದ 100 ಕಿಲೋ ಗಿಡ್ಡಕ್ಕೆ ಅಲ್ಲ.