ಕಾರಿನ ಹಿಂದೆ ಕಪ್ಪು ಏಕೆ?

ನಾಗರಬಾವಿ ಪಕ್ಕದ ಅನ್ನಪೂರ್ಣೇಶ್ವರಿ ನಗರದಲ್ಲಿ ನಾವು ಕಾರು ಒರೆಸುತ್ತೇವೆ. ಒಂದು ಕಾರಿನ ಹಿಂಭಾಗ ದಿನಾ ಕಪ್ಪು. "ನೀವು ಸರಿಯಾಗಿ ಒರೆಸಲ್ಲ. ಸಂಬಳ ಹಿಡೀತೀನಿ" ಅಂದರು ಮಾಲೀಕರು.

ನಾವು ಕಾರಣ ಹುಡುಕಿದೆವು.

ಕಾರು ಓಡುವಾಗ ಅದರ ಹಿಂದೆ ಗಾಳಿ ಸುಳಿಯುತ್ತದೆ. ರಸ್ತೆಯ ಧೂಳನ್ನು ಎಳೆದು ತಂದು ಅಂಟಿಸುತ್ತದೆ. ಹೊಗೆ ಕೊಳವೆ ಇಲ್ಲದ ಕರೆಂಟ್ ಕಾರಿಗೂ ಇದು ತಪ್ಪಿದ್ದಲ್ಲ. ಈ ಧೂಳು ಹಿಂಭಾಗಕ್ಕೆಲ್ಲ ಹರಡುತ್ತದೆ.

ಆದರೆ ಈ ಕಾರಲ್ಲಿ ಕಪ್ಪು ಇದ್ದದ್ದು ಹೊಗೆ ಕೊಳವೆಯ ಸುತ್ತ. ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಿದೆವು. ಸೌದೆ ಒಲೆಯ ಮಸಿಯಂತೆ ಒಣ ಕಪ್ಪು. ಇಂಧನ ಪೂರ್ತಿ ಉರಿಯದಿದ್ದರೆ ಹೀಗಾಗುತ್ತದೆ. ಮಸಿ ಜಿಡ್ಡಾಗಿದ್ದು, ಹೊಗೆ ನೀಲಿಯಾಗಿದ್ದರೆ ಎಂಜಿನ್ ಆಯಿಲ್ ಉರಿಯುತ್ತಿರಬಹುದು.

ಆ ಬಟ್ಟೆಯನ್ನೇ ಮಾಲೀಕರಿಗೆ ತೋರಿಸಿದೆವು. ಕಾರು ಮೆಕ್ಯಾನಿಕ್ ಬಳಿ ಹೋಯಿತು. ಸಂಬಳ ಪೂರ್ತಿ ಬಂತು.

ಆ ಹೊಗೆ ನಮ್ಮ ಮಕ್ಕಳ ಎದೆಗೂ ಹೋಗುತ್ತದೆ. ಕಾರಣ ತಿಳಿಯೋಣ. ಧೈರ್ಯವಾಗಿ ಹೇಳೋಣ.