ಓಟದ ನಾಯಿ, ಮನೆಮಂದಿಯ ಆರೋಗ್ಯ

ಸುಗ್ಗಿ ಮುಗಿದ ಮೇಲೆ ಶಿರಹಟ್ಟಿ, ಮುಂಡರಗಿ ಕಡೆಯ ರಸ್ತೆಗಳಲ್ಲಿ ಕುರಿಹಿಂಡು ಎದುರಾದರೆ ಬಸ್ಸು ನಿಂತು ದಾರಿ ಬಿಡುವುದು ನಮಗೆಲ್ಲ ರೂಢಿಯ ನೋಟ. ಹಿಂಡಿನ ಹಿಂದೆ ಕುದುರೆಯ ಬೆನ್ನ ಮೇಲೆ ಸಂಸಾರದ ಸಾಮಾನು. ಅದರ ಪಕ್ಕದಲ್ಲಿ ಉದ್ದ ಕಾಲಿನ, ಒಳಸೇರಿದ ಹೊಟ್ಟೆಯ ನಾಯಿ. ಹಗಲೆಲ್ಲ ಹಿಂಡಿನೊಂದಿಗೆ ನಡೆದು, ರಾತ್ರಿ ತೋಳ ಬಾರದಂತೆ ಕಾಯುವ ಜೀವ ಅದು.

ಇಂಥ ಓಟದ ನಾಯಿಗಳಲ್ಲಿ ಮುಧೋಳದ ತಳಿ ಹೆಸರಾದುದು. 2005ರಲ್ಲಿ ಭಾರತದ ಅಂಚೆ ಇಲಾಖೆ ಅದರ ಚಿತ್ರವಿರುವ ಅಂಚೆಚೀಟಿ ಹೊರತಂದಿತು. ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಈ ತಳಿಗಾಗಿಯೇ ಸಂಶೋಧನಾ ಕೇಂದ್ರವಿದೆ. ಹೊರದೇಶಗಳಲ್ಲಿ ಚುರುಕು ನಾಯಿಗಳಿಗೆ ಅಡೆತಡೆ ಹಾರುವ, ಕೊಳವೆಯೊಳಗೆ ನುಸುಳುವ ಸ್ಪರ್ಧೆಗಳಿವೆ. 1978ರಲ್ಲಿ ಲಂಡನ್ನಿನ ಕ್ರಫ್ಟ್ಸ್ ಶ್ವಾನ ಪ್ರದರ್ಶನದಲ್ಲಿ ಈ ಆಟ ಮೊದಲು ಜನರ ಕಣ್ಣಿಗೆ ಬಿತ್ತು. ಅಲ್ಲಿಯವರು ಮನೆಯಂಥ ವಾಹನದಲ್ಲಿ ನಾಯಿಯನ್ನು ಕೂರಿಸಿಕೊಂಡು ಊರೂರು ಸುತ್ತುತ್ತಾರೆ. ನಮ್ಮ ಕುರಿಗಾರರ ನಾಯಿಗೆ ಅಡವಿಯೇ ಆಟದ ಬಯಲು, ಕಾಲುಗಳೇ ವಾಹನ.

ಇಂಥ ನಾಯಿ ನಿಮ್ಮ ಮನೆಯಲ್ಲಿದ್ದರೆ ಒಂದು ಮಾತು ನೆನಪಿಡಿ: ನಾಯಿ ಚುರುಕಾಗಿದೆ ಎಂದ ಮಾತ್ರಕ್ಕೆ ಅದು ಆರೋಗ್ಯವಾಗಿದೆ ಎಂದು ಹೇಳಲಾಗದು. ಓಡಲೆಂದೇ ಹುಟ್ಟಿದ ನಾಯಿ ದಣಿವನ್ನೂ ನೋವನ್ನೂ ಕಡೆಯವರೆಗೆ ತೋರಗೊಡುವುದಿಲ್ಲ. ಅದರ ಮೈಯೊಳಗಿನ ಕೆಲವು ರೋಗಗಳು ಅದಕ್ಕೆ ತೊಂದರೆ ಕೊಡದೆ ಮನೆಯವರಿಗೇ ತಗಲುವುದೂ ಉಂಟು.

ಮರಿಗೆ ಅವಸರ ಬೇಡ

ಎಲುಬು, ಕೀಲುಗಳು ಬಲಿಯಲು ಮರಿಗೆ ಸುಮಾರು ಒಂದು ವರ್ಷ ಬೇಕು. ಅಲ್ಲಿಯವರೆಗೆ ಎತ್ತರದಿಂದ ಹಾರಿಸುವುದು, ಸೈಕಲ್ಲಿನ ಹಿಂದೆ ಮೈಲಿಗಟ್ಟಲೆ ಓಡಿಸುವುದು ಸಲ್ಲದು. ಕರೆದರೆ ಬರುವುದು, ಹೇಳಿದಲ್ಲಿ ಕೂರುವುದು, ಹಗ್ಗ ಎಳೆಯದೆ ನಡೆಯುವುದು, ಇವಿಷ್ಟನ್ನು ದಿನಕ್ಕೆ ಹತ್ತು ನಿಮಿಷ ಕಲಿಸಿದರೆ ಸಾಕು. ಹೊಡೆದು ಕಲಿಸಿದ ನಾಯಿ ಅಂಜುತ್ತದೆ. ಅಂಜಿದ ನಾಯಿ ಕಚ್ಚುತ್ತದೆ. ಮೊಲ, ಜಿಂಕೆಗಳ ಹಿಂದೆ ನಾಯಿ ಬಿಡುವ ಹವ್ಯಾಸವಂತೂ ಬೇಡವೇ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ.

ಹೊಟ್ಟೆ ತುಂಬ ತಿಂದ ಕೂಡಲೇ ಓಡಿಸಬಾರದು. ಎದೆಗೂಡು ಆಳವಾಗಿರುವ ನಾಯಿಗಳಲ್ಲಿ ಜಠರ ಉಬ್ಬಿ ತಿರುಚಿಕೊಳ್ಳುವ ಅಪಾಯವಿದೆ. ಹೊಟ್ಟೆ ಉಬ್ಬಿ, ವಾಂತಿಗೆ ಹವಣಿಸಿದರೂ ಏನೂ ಹೊರಬಾರದಿದ್ದರೆ ಒಂದು ಗಳಿಗೆಯೂ ಕಾಯದೆ ಪಶುವೈದ್ಯರಲ್ಲಿಗೆ ಒಯ್ಯಿರಿ.

ಬಿಸಿಲು ಮತ್ತು ಪ್ರಯಾಣ

ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರು ಬರುವುದಿಲ್ಲ. ಏದುಸಿರು ಬಿಟ್ಟೇ ಅದು ಮೈ ತಣಿಸಿಕೊಳ್ಳಬೇಕು. ಅದರ ಸಹಜ ಉಷ್ಣತೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಇದು 106 ದಾಟಿದರೆ ಜೀವಕ್ಕೇ ಅಪಾಯ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಎರೆಹೊಲಗಳಲ್ಲಿ ನಾಯಿಯನ್ನು ಓಡಿಸುವುದಿದ್ದರೆ ನಸುಕಿನಲ್ಲಿ ಮಾತ್ರ ಓಡಿಸಿ. ಲಕ್ಷ್ಮೇಶ್ವರದ ಸಂತೆಗೋ ಬೀಗರ ಊರಿಗೋ ವಾಹನದಲ್ಲಿ ಕರೆದೊಯ್ದಾಗ ಗಾಜು ಏರಿಸಿ ನಾಯಿಯನ್ನು ಒಳಗೆ ಬಿಟ್ಟು ಹೋಗಬೇಡಿ. ನಿಂತ ಕಾರು ಕೆಲವೇ ನಿಮಿಷಗಳಲ್ಲಿ ಒಲೆಯಾಗುತ್ತದೆ. ಕುಡಿಯುವ ನೀರು, ಬಟ್ಟಲು ಜೊತೆಗಿರಲಿ.

ನಾಯಿ ತೂರಾಡಿದರೆ, ಜೊಲ್ಲು ಸುರಿಸಿ ಕುಸಿದರೆ ನೆರಳಿಗೆ ತನ್ನಿ. ಮೈಮೇಲೆ ತಣ್ಣೀರು ಸುರಿದು ಗಾಳಿ ಹಾಕಿ. ಎಚ್ಚರವಿದ್ದರೆ ಮಾತ್ರ ಸ್ವಲ್ಪಸ್ವಲ್ಪ ನೀರು ಕುಡಿಸಿ. ಅನಂತರ ಪಶುವೈದ್ಯರಿಗೆ ತೋರಿಸಿ.

ಅಡವಿ ತಿರುಗುವ ನಾಯಿಗೆ ಉಣ್ಣಿ ಅಥವಾ ಉಣುಗು ಹತ್ತುವುದು ಸಹಜ. ಕಿವಿಯ ಒಳಗೆ, ಕಾಲ್ಬೆರಳ ಸಂದಿಯಲ್ಲಿ ದಿನವೂ ನೋಡಬೇಕು. ಉಣ್ಣಿಯಿಂದ ಬರುವ ಜ್ವರದಲ್ಲಿ ವಸಡು ಬಿಳಿಚುತ್ತದೆ, ಮೂಗಿನಿಂದ ರಕ್ತ ಬರಬಹುದು. ಬೇಗ ಚಿಕಿತ್ಸೆ ಕೊಡಿಸಿದರೆ ಸಾಮಾನ್ಯವಾಗಿ ಗುಣವಾಗುತ್ತದೆ.

ಕಾಣದ ಹುಳು

ಕುರಿ, ನಾಯಿ, ಮನುಷ್ಯ ಮೂವರೂ ಒಟ್ಟಿಗೆ ಬಾಳುವ ಕಡೆ ಗಮನಿಸಲೇಬೇಕಾದ ರೋಗ ಹೈಡಾಟಿಡ್. ಕುರಿ ಕೊಯ್ದಾಗ ಪುಪ್ಪುಸದಲ್ಲೋ ಕಾಳಿಜದಲ್ಲೋ ನೀರು ತುಂಬಿದ ಗುಳ್ಳೆ ಕಂಡರೆ ಅದನ್ನು ಕತ್ತರಿಸಿ ನಾಯಿಗೆ ಎಸೆಯುವುದುಂಟು. ಆ ಗುಳ್ಳೆಯೊಳಗಿರುವುದು ಲಾಡಿಹುಳುವಿನ ಮರಿ. ನಾಯಿಯ ಕರುಳಿನಲ್ಲಿ ಅದು ಬೆಳೆದು, ಸುಮಾರು ಆರೇಳು ವಾರಗಳಲ್ಲಿ ಮೊಟ್ಟೆ ಹಾಕತೊಡಗುತ್ತದೆ. ಹುಳುವಿನ ಉದ್ದ ಕೆಲವೇ ಮಿಲಿಮೀಟರ್. ನಾಯಿ ಎಂದಿನಂತೆ ಓಡುತ್ತದೆ, ಉಣ್ಣುತ್ತದೆ.

ಮೊಟ್ಟೆಗಳು ಮಲದೊಂದಿಗೆ ಹುಲ್ಲಿಗೆ, ನೀರಿಗೆ ಸೇರುತ್ತವೆ; ನಾಯಿಯ ಕೂದಲಿಗೂ ಅಂಟುತ್ತವೆ. ಹುಲ್ಲು ಮೇಯ್ದ ಕುರಿಗೆ ಮತ್ತೆ ಗುಳ್ಳೆ ಏಳುತ್ತದೆ. ನಾಯಿಯನ್ನು ತಬ್ಬಿ ಆಡಿದ ಮಗು ಕೈ ತೊಳೆಯದೆ ರೊಟ್ಟಿ ತಿಂದರೆ ಅದೇ ಗುಳ್ಳೆ ಮಗುವಿನ ಯಕೃತ್ತಿನಲ್ಲೋ ಶ್ವಾಸಕೋಶದಲ್ಲೋ ಬೆಳೆಯಬಹುದು. ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದು, ಹೊಟ್ಟೆಯ ಬಲಭಾಗದಲ್ಲಿ ಭಾರ, ನೋವು ಅಥವಾ ಕೆಮ್ಮಾಗಿ ತಲೆದೋರುತ್ತದೆ. ಗುಳ್ಳೆ ಒಡೆದರೆ ಪ್ರಾಣಾಪಾಯ. ಹೊಟ್ಟೆಯ ಗುಳ್ಳೆಯನ್ನು ಅಲ್ಟ್ರಾಸೌಂಡ್ ಪರೀಕ್ಷೆಯಿಂದ ಪತ್ತೆ ಮಾಡಬಹುದು. ಕೆಲವರಿಗೆ ಮಾತ್ರೆ ಸಾಕಾಗುತ್ತದೆ, ಕೆಲವರಿಗೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ.

ತಡೆಯುವುದು ಮಾತ್ರ ಕಷ್ಟವಲ್ಲ. ಕುರಿಯ ಹಸಿ ಒಳಾಂಗಗಳನ್ನು ನಾಯಿಗೆ ಹಾಕಬೇಡಿ. ಚೆನ್ನಾಗಿ ಕುದಿಸಿ ಹಾಕಿ, ಇಲ್ಲವೇ ಸುಡಿ, ಇಲ್ಲವೇ ನಾಯಿ ಕೆದಕಲಾಗದಷ್ಟು ಆಳಕ್ಕೆ ಹೂಳಿರಿ. ಲಾಡಿಹುಳುವಿಗೆ ಪ್ರಾಜಿಕ್ವಾಂಟೆಲ್ ಎಂಬ ಔಷಧಿಯನ್ನು ಪಶುವೈದ್ಯರು ಹೇಳಿದ ಪ್ರಮಾಣದಲ್ಲಿ ವರ್ಷಕ್ಕೆ ನಾಲ್ಕು ಬಾರಿಯಾದರೂ ಕೊಡಿಸಿ. ನಾಯಿಯನ್ನು ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯುವ ರೂಢಿ ಮಕ್ಕಳಿಗೆ ಆಗಲಿ. ಹೊಲದಿಂದ ತಂದ ಸೊಪ್ಪು, ಗಜ್ಜರಿಗಳನ್ನು ತೊಳೆದೇ ತಿನ್ನಬೇಕು.

ಹುಚ್ಚುನಾಯಿ ರೋಗ

ರೇಬೀಸ್‌ನ ವಿಷಯದಲ್ಲೂ ಚುರುಕುತನವನ್ನು ನಂಬಬೇಡಿ. ರೋಗದ ಚಿಹ್ನೆ ಕಾಣುವ ಕೆಲವು ದಿನ ಮೊದಲೇ ನಾಯಿಯ ಜೊಲ್ಲಿನಲ್ಲಿ ವೈರಸ್ ಇರಬಹುದು. ಮನುಷ್ಯನಲ್ಲಿ ರೋಗ ಕಾಣಿಸಿಕೊಂಡ ಮೇಲೆ ಬದುಕಿ ಉಳಿಯುವುದು ತೀರ ಅಪರೂಪ. ಆದರೆ ಸಮಯಕ್ಕೆ ಚಿಕಿತ್ಸೆ ಪಡೆದರೆ ರೋಗವನ್ನು ಖಂಡಿತ ತಡೆಯಬಹುದು.

ನಾಯಿ ಕಚ್ಚಿದರೆ, ಪರಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಖಾರದಪುಡಿ, ಸುಣ್ಣ, ಅರಿಶಿನ ಬೇಡ. ಅಂದೇ ಆಸ್ಪತ್ರೆಗೆ ಹೋಗಿ. ಸ್ನಾಯುವಿಗೆ ಕೊಡುವ ಲಸಿಕೆಯಾದರೆ ಮೊದಲ ದಿನವನ್ನು ಸೊನ್ನೆ ಎಂದೆಣಿಸಿ 0, 3, 7, 14 ಮತ್ತು 28ನೇ ದಿನ ಚುಚ್ಚುಮದ್ದು. ರಕ್ತ ಬಂದ ಗಾಯಕ್ಕೆ ಇಮ್ಯುನೋಗ್ಲೋಬುಲಿನ್ ಎಂಬ ಮದ್ದೂ ಬೇಕಾಗುತ್ತದೆ. ಕಚ್ಚಿದ ನಾಯಿಯ ಮೇಲೆ ಹತ್ತು ದಿನ ಕಣ್ಣಿಡಿ, ಆದರೆ ಅದಕ್ಕಾಗಿ ಲಸಿಕೆ ತಡಮಾಡಬೇಡಿ. 'ನಮ್ಮ ಮನೀ ನಾಯಿನ, ಏನೂ ಆಗೂದಿಲ್ಲ' ಎಂಬ ಮಾತು ಜೀವಕ್ಕೆ ಎರವಾದೀತು.

ಮರಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ ಹಾಕಿಸಿ, ಅನಂತರ ವೈದ್ಯರು ಹೇಳಿದಂತೆ ಮುಂದುವರಿಸಿ. ಮರಿಗಳನ್ನು ಬಲಿ ತೆಗೆದುಕೊಳ್ಳುವ ಡಿಸ್ಟೆಂಪರ್, ಪಾರ್ವೊ ರೋಗಗಳಿಗೂ ಲಸಿಕೆಗಳಿವೆ. ಅವು ಆರರಿಂದ ಎಂಟು ವಾರಕ್ಕೇ ಶುರುವಾಗಬೇಕು.

ನಿಮ್ಮ ಹೊಲದಲ್ಲಿ ಕುರಿ ನಿಲ್ಲಿಸಲು ಬರುವ ಕುರಿಗಾರರು ತಿಂಗಳುಗಟ್ಟಲೆ ಊರು ಬಿಟ್ಟು ಇರುವವರು. ಹತ್ತಿರದ ಪಶು ಆಸ್ಪತ್ರೆ ಎಲ್ಲಿದೆ, ಲಸಿಕೆ ಎಂದು ಹಾಕುತ್ತಾರೆ ಎಂಬುದು ಅವರಿಗೆ ತಿಳಿದಿರಲಿಕ್ಕಿಲ್ಲ. ಒಂದು ಮಾತು ತಿಳಿಸಿ, ಸಾಧ್ಯವಾದರೆ ಜೊತೆಗೆ ಹೋಗಿ ಬನ್ನಿ. ಅವರ ನಾಯಿಗೆ ಬಿದ್ದ ಲಸಿಕೆ, ಕೊಟ್ಟ ಜಂತಿನ ಮಾತ್ರೆ ನಿಮ್ಮ ಓಣಿಯ ಮಕ್ಕಳನ್ನೂ ಕಾಯುತ್ತದೆ.